ಮನೆಗೆ ಯಾವ ಟೀ ಪುಡಿ? ಅಸ್ಸಾಂ, ನೀಲಗಿರಿ, ಡಾರ್ಜಿಲಿಂಗ್, ಸಿಲೋನ್, ಕೀನ್ಯಾ: ಒಂದು ಹೋಲಿಕೆ

ಒಂದು ದೀಪಾವಳಿಗೆ ನಮ್ಮ ಮನೆಗೆ ಡಾರ್ಜಿಲಿಂಗ್ ಟೀ ಡಬ್ಬಿ ಉಡುಗೊರೆ ಬಂತು. ನೂರೇ ಗ್ರಾಂ. ಬೆಲೆ ಚೀಟಿ ಕಿತ್ತಿದ್ದರೂ ಡಬ್ಬಿ ನೋಡಿದರೇ ದುಬಾರಿ ಅಂತ ಗೊತ್ತಾಗುತ್ತಿತ್ತು. ಆಗಷ್ಟೇ ಧಾರವಾಡದಿಂದ ಅತ್ತೆ ಬಂದಿದ್ದರು. ಒಳ್ಳೆಯದನ್ನೇ ಕೊಡೋಣ ಅಂತ ಮೂರು ಚಮಚ ಹಾಕಿ, ಶುಂಠಿ ಜಜ್ಜಿ, ಹಾಲು ಸುರಿದು ಎರಡು ಸಲ ಉಕ್ಕು ಬರಿಸಿದೆ. ಬಣ್ಣ ಬರಲೇ ಇಲ್ಲ. ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಇದೇನವಾ, ಬಿಸಿನೀರಾಗ ಹಾಲು ಹಾಕಿ ಕೊಟ್ಟಿಯೇನ?"

ಟೀ ಕೆಟ್ಟದ್ದಾಗಿರಲಿಲ್ಲ. ಹಾಲು ಹಾಕಬಾರದ ಟೀಗೆ ನಾನು ಹಾಲು ಹಾಕಿದ್ದೆ, ಅಷ್ಟೇ. ಅಂಗಡಿಯ ಶೆಲ್ಫ್ ಮುಂದೆ ನಿಂತು ಯಾವುದು ಒಳ್ಳೆಯದು ಅಂತ ತಲೆ ಕೆರೆದುಕೊಳ್ಳುವವರಿಗೆ ನಾನು ಈಗ ಮೊದಲು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಟೀ ಹೇಗೆ ಮಾಡ್ತೀರಿ? ಬ್ರ್ಯಾಂಡು, ದೇಶ, ಬೆಲೆ ಎಲ್ಲ ಆಮೇಲೆ.

ಮೊದಲು ಏನು ನೋಡಬೇಕು

ಹಾಲು ಹಾಕುತ್ತೀರಾ ಇಲ್ಲವಾ? ಅರ್ಧದಷ್ಟು ತೀರ್ಮಾನ ಇಲ್ಲೇ ಆಗಿಬಿಡುತ್ತದೆ. ಹಾಲಿನ ಕೊಬ್ಬು, ಸಿಹಿ, ಶುಂಠಿ, ಏಲಕ್ಕಿ ಇವೆಲ್ಲವನ್ನೂ ಎದುರಿಸಿ ನಿಲ್ಲುವ ಟೀಗೆ ಖಡಕ್‌ತನ ಬೇಕು. ಹಾಲಿಲ್ಲದೆ ಕುಡಿಯುವ ಟೀಗೆ ಘಮ ಬೇಕು. ಎರಡೂ ಒಂದೇ ಎಲೆಯಲ್ಲಿ ಸಿಗುವುದು ಅಪರೂಪ.

ಎರಡನೆಯದು ಕಾಳಿನ ಗಾತ್ರ. ನಾವು ದಿನಾ ಬಳಸುವ ಸಣ್ಣ ಸಣ್ಣ ಕಾಳಿನ ಪುಡಿಗೆ ಸಿಟಿಸಿ ಅನ್ನುತ್ತಾರೆ. ಹಲ್ಲಿರುವ ಎರಡು ಉರುಳೆಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ನಡುವೆ ಸಿಕ್ಕ ಎಲೆ ಜಜ್ಜಿ, ಹರಿದು, ಸುರುಳಿ ಸುತ್ತಿಕೊಂಡು ಕಾಳಾಗುತ್ತದೆ. 1930ರ ದಶಕದಲ್ಲಿ ಅಸ್ಸಾಂನಲ್ಲಿ ಶುರುವಾದ ವಿಧಾನ ಇದು. ಎಲೆ ಚೂರುಚೂರಾಗಿರುವುದರಿಂದ ಕುದಿಯುವ ನೀರಿಗೆ ಬಿದ್ದ ತಕ್ಷಣ ರಂಗು ಬಿಡುತ್ತದೆ. ಹಳೆಯ ವಿಧಾನಕ್ಕೆ ಆರ್ಥೊಡಾಕ್ಸ್ ಅಂತ ಹೆಸರು. ಅಲ್ಲಿ ಎಲೆಯನ್ನು ಮೆಲ್ಲಗೆ ಹೊಸೆಯುತ್ತಾರೆ. ಒಣಗಿದ ಮೇಲೂ ಎಲೆ ಎಲೆಯಾಗಿಯೇ ಉಳಿಯುತ್ತದೆ. ಅದನ್ನು ಕುದಿಸಬಾರದು, ಬಿಸಿನೀರಲ್ಲಿ ನೆನೆಸಬೇಕು. ಡಾರ್ಜಿಲಿಂಗ್ ಅನ್ನು ಕುದಿಸಿ ನಾನು ಮಾಡಿದ ಎಡವಟ್ಟು ಇದೇ.

ಮೂರನೆಯದು ದುಡ್ಡು. ಇದನ್ನು ಕೆ.ಜಿ. ಲೆಕ್ಕದಲ್ಲಿ ನೋಡಬೇಡಿ, ಲೋಟದ ಲೆಕ್ಕದಲ್ಲಿ ನೋಡಿ. ಕೆ.ಜಿ.ಗೆ 500 ರೂಪಾಯಿ ಪುಡಿ, ಲೋಟಕ್ಕೆ ಎರಡೂವರೆ ಗ್ರಾಂ ಅಂದುಕೊಳ್ಳಿ. ಒಂದು ಕೆ.ಜಿ.ಗೆ 400 ಲೋಟ. ಲೋಟಕ್ಕೆ ಬಿದ್ದದ್ದು ಒಂದೂಕಾಲು ರೂಪಾಯಿ. ಅದೇ ಲೋಟಕ್ಕೆ 75 ಎಂ.ಎಲ್. ಹಾಲು ಹಾಕಿದರೆ, ಲೀಟರಿಗೆ 50 ರೂಪಾಯಿಯಂತೆ ಹಾಲಿಗೇ ಮೂರೂಮುಕ್ಕಾಲು ರೂಪಾಯಿ ಆಯಿತು. ಅಂದರೆ ಟೀಯಲ್ಲಿ ಟೀಗಿಂತ ಹಾಲೇ ದುಬಾರಿ! ಇನ್ನೂ ಮುಂದೆ ಹೋಗೋಣ. ನಾಲ್ಕು ಜನರ ಮನೆ, ದಿನಕ್ಕೆ ಎಂಟು ಲೋಟ, ತಿಂಗಳಿಗೆ 600 ಗ್ರಾಂ ಪುಡಿ. ಕೆ.ಜಿ.ಗೆ 400ರ ಪುಡಿ ಬಿಟ್ಟು 600ರದ್ದು ತಂದರೆ ತಿಂಗಳಿಗೆ ಜಾಸ್ತಿ ಆಗುವುದು 120 ರೂಪಾಯಿ. ಪುಡಿಯಲ್ಲಿ ಜುಗ್ಗತನ ಮಾಡಿ ಉಳಿಸುವುದು ಇಷ್ಟೇ. ನನಗಂತೂ ಆ ಉಳಿತಾಯ ಬೇಡ.

ಕೊನೆಯದು ತಾಜಾತನ ಮತ್ತು ನಂಬಿಕೆ. ಅದರ ಬಗ್ಗೆ ಕೆಳಗೆ ಹೇಳುತ್ತೇನೆ.

ಅಸ್ಸಾಂ: ಹಾಲಿನ ಟೀಗೆ ಹುಟ್ಟಿದ್ದು

ಭಾರತದಲ್ಲಿ ವರ್ಷಕ್ಕೆ ಸುಮಾರು 130 ಕೋಟಿ ಕೆ.ಜಿ. ಟೀ ಆಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಸ್ಸಾಂನದ್ದು. ಬ್ರಹ್ಮಪುತ್ರದ ಬಯಲು, ಮೈ ಬೆವರಿಳಿಯುವ ಸೆಕೆ, ಧಾರಾಕಾರ ಮಳೆ. ಅಲ್ಲಿನ ಗಿಡವೂ ಚೀನಾದ ಗಿಡಕ್ಕಿಂತ ಬೇರೆ, ಎಲೆ ಅಗಲ. ಅದರ ಡಿಕಾಕ್ಷನ್ ಕಡುಗೆಂಪು, ಬಾಯಿಗೆ ದಪ್ಪ. ಅರ್ಧ ಲೋಟ ಹಾಲು ಬಿದ್ದರೂ ಟೀ ರುಚಿ ಮುಳುಗುವುದಿಲ್ಲ.

ಅಸ್ಸಾಂನಲ್ಲೂ ಎಲ್ಲ ಒಂದೇ ಅಲ್ಲ. ಚಳಿಗಾಲದಲ್ಲಿ ಗಿಡ ಮಲಗುತ್ತದೆ. ಮಾರ್ಚಿನಲ್ಲಿ ಚಿಗುರು ಶುರು. ಮೇ–ಜೂನ್‌ನ ಎರಡನೇ ಕೊಯ್ಲಿಗೆ ಎಲ್ಲಕ್ಕಿಂತ ಒಳ್ಳೆ ಹೆಸರು, ಒಳ್ಳೆ ಬೆಲೆ. ಮಳೆಗಾಲದಲ್ಲಿ ಎಲೆ ರಾಶಿ ರಾಶಿ ಬರುತ್ತದೆ, ರುಚಿ ಸ್ವಲ್ಪ ತೆಳುವಾಗುತ್ತದೆ. ಪ್ಯಾಕೆಟ್ ಬ್ರ್ಯಾಂಡುಗಳು ಹರಾಜಿನಲ್ಲಿ ಹತ್ತಾರು ತೋಟಗಳ ಎಲೆ ಕೊಂಡು, ರುಚಿ ನೋಡುವವರನ್ನು ಕೂರಿಸಿ, ಬೆರೆಸಿ ತುಂಬುತ್ತವೆ. ವರ್ಷವಿಡೀ ಒಂದೇ ರುಚಿ ಸಿಗುವುದು ಅದಕ್ಕೇ. ಒಂದೇ ತೋಟದ, ಎರಡನೇ ಕೊಯ್ಲಿನ ಟೀ ಬೇಕಾದರೆ ಬೇರೆ ಹುಡುಕಬೇಕು, ದುಡ್ಡೂ ಜಾಸ್ತಿ ಕೊಡಬೇಕು.

ಇಲ್ಲಿ ಒಂದು ಮಾತು. "ಒಳ್ಳೆಯದೆಲ್ಲ ಫಾರಿನ್‌ಗೆ ಹೋಗುತ್ತೆ, ನಮಗೆ ಉಳಿದದ್ದು ಧೂಳು" ಅನ್ನುವುದನ್ನು ಎಲ್ಲರೂ ಕೇಳಿರುತ್ತೀರಿ. ನಮ್ಮ ದೇಶದ ಟೀಯಲ್ಲಿ ನೂರಕ್ಕೆ ಸುಮಾರು 80 ಪಾಲು ನಾವೇ ಕುಡಿದು ಮುಗಿಸುತ್ತೇವೆ. ಆರ್ಥೊಡಾಕ್ಸ್ ಎಲೆ ಬಹುಪಾಲು ಹೊರಗೆ ಹೋಗುವುದು ನಿಜ. ಆದರೆ ಖಡಕ್ ಸಿಟಿಸಿ ವಿಚಾರದಲ್ಲಿ ಇದು ಸುಳ್ಳು. ಅಸ್ಸಾಂನ ಮೇಲುದರ್ಜೆ ಸಿಟಿಸಿಗೆ ಹರಾಜಿನಲ್ಲಿ ಒಳ್ಳೆ ಬೆಲೆ ಕೂಗುವವರಲ್ಲಿ ಗುಜರಾತಿನ ಕಡೆಯ ವ್ಯಾಪಾರಿಗಳು ಮುಂದಿದ್ದಾರೆ. ಒಳ್ಳೆ ಪುಡಿ ಇಲ್ಲೇ ಇದೆ, ನಾವು ಕೇಳುವುದಿಲ್ಲ ಅಷ್ಟೇ.

ನೀಲಗಿರಿ ಮತ್ತು ನಮ್ಮ ಡಸ್ಟ್ ಟೀ

ದಕ್ಷಿಣದವರಿಗೆ ಡಸ್ಟ್ ಟೀ ಮೇಲೆ ಪ್ರೀತಿ. ಹೆಸರು ಕೇಳಿ ಮೂಗು ಮುರಿಯಬೇಡಿ. ಡಸ್ಟ್ ಅಂದರೆ ಗುಡಿಸಿ ತುಂಬಿದ ಕಸ ಅಲ್ಲ, ಜರಡಿಯಲ್ಲಿ ಕೊನೆಗೆ ಇಳಿಯುವ ಅತಿ ಸಣ್ಣ ಕಾಳು. ಅದರಲ್ಲೂ ಮೇಲು, ಕೀಳು ಇದೆ. ಹೋಟೆಲಿನವರು ಬಟ್ಟೆಯ ಸೋಸಣಿಗೆಯಲ್ಲಿ ಡಿಕಾಕ್ಷನ್ ಇಳಿಸುವುದಕ್ಕೆ ಇದೇ ಬೇಕು. ನಿಮಿಷದಲ್ಲಿ ರಂಗು ಬರುತ್ತದೆ, ಕಡಿಮೆ ಪುಡಿಗೆ ಜಾಸ್ತಿ ಲೋಟ.

ತೊಂದರೆ ಏನೆಂದರೆ, ಡಸ್ಟ್ ಕ್ಷಮಿಸುವುದಿಲ್ಲ. ಅತ್ತ ತಿರುಗಿ ಫೋನ್‌ನಲ್ಲಿ ಎರಡು ಮಾತಾಡಿ ಬರುವಷ್ಟರಲ್ಲಿ ಒಗರು ಇಳಿದಿರುತ್ತದೆ. ಅಸ್ಸಾಂನ ದಪ್ಪ ಕಾಳಿಗೆ ಐದು ನಿಮಿಷ ಕೊಟ್ಟರೂ ನಡೆಯುತ್ತದೆ. ಡಸ್ಟ್‌ಗೆ ಎರಡು ನಿಮಿಷ ಸಾಕು. ಮನೆಯ ಸಾದಾ ಸ್ಟೀಲ್ ಜಾಲರಿಯಲ್ಲಿ ಸೋಸಿದರೆ ಲೋಟದ ತಳದಲ್ಲಿ ಗಸಿ ಬೇರೆ ಕೂರುತ್ತದೆ.

ನೀಲಗಿರಿ ಟೀಗೆ ತನ್ನದೇ ಗುಣ ಇದೆ. ಎತ್ತರದ ಗುಡ್ಡ, ವರ್ಷವಿಡೀ ಕೊಯ್ಲು, ತಿಳಿಯಾದ ಡಿಕಾಕ್ಷನ್, ಹೂವಿನಂಥ ಹಗುರ ಘಮ. ಹಾಲು ಜಾಸ್ತಿ ಹಾಕಿದರೆ ಅದು ಸೋಲುತ್ತದೆ. ಹಾಲು ಕಡಿಮೆ ಹಾಕುವವರಿಗೆ, ಲೆಮನ್ ಟೀ ಮಾಡುವವರಿಗೆ, ಬೇಸಿಗೆಯಲ್ಲಿ ಐಸ್ ಟೀ ಬೇಕೆನ್ನುವ ಮಕ್ಕಳಿರುವ ಮನೆಗೆ ಇದು ಸರಿ. ತಣ್ಣಗಾದರೂ ಅಷ್ಟಾಗಿ ಕದಡುವುದಿಲ್ಲ. ಡಿಸೆಂಬರ್–ಜನವರಿಯ ಮಂಜಿನಲ್ಲಿ ಕೊಯ್ದ ಎಲೆ ಸಿಕ್ಕರೆ ಬಿಡಬೇಡಿ. ಬೆಲೆಯ ವಿಷಯದಲ್ಲೂ ಸಾದಾ ನೀಲಗಿರಿ ಸಿಟಿಸಿ ಸಾಮಾನ್ಯವಾಗಿ ಅಸ್ಸಾಂಗಿಂತ ಅಗ್ಗ.

ನಮ್ಮಲ್ಲೂ ಟೀ ಬೆಳೆಯುತ್ತಾರೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಚಿಕ್ಕಮಗಳೂರಿನ ಕೆಳಗೂರು, ಸಕಲೇಶಪುರದ ಕಡೆಯ ಕಾಡುಮನೆ, ಕೊಡಗಿನ ಒಂದಷ್ಟು ತೋಟ. ದೇಶದ ಕಾಫಿಯಲ್ಲಿ ನೂರಕ್ಕೆ 70 ಪಾಲು ಕೊಡುವ ರಾಜ್ಯ ಟೀಯಲ್ಲಿ ಶೇಕಡಾ ಒಂದನ್ನೂ ಮುಟ್ಟುವುದಿಲ್ಲ! ಆ ಕಡೆ ಪ್ರವಾಸ ಹೋದರೆ ಕಾಲು ಕೆ.ಜಿ. ತನ್ನಿ. ತೋಟದಿಂದ ಸೀದಾ ಬಂದ ಪುಡಿಯ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ, ಅಂಗಡಿಯಲ್ಲಿ ವರ್ಷ ಕೂತ ಪ್ಯಾಕೆಟ್ ಹೇಗಿರುತ್ತದೆ ಅಂತ ತಾನಾಗೇ ತಿಳಿಯುತ್ತದೆ.

ಡಾರ್ಜಿಲಿಂಗ್: ಕುದಿಸಬೇಡಿ, ಮೋಸ ಹೋಗಬೇಡಿ

87 ತೋಟ, ವರ್ಷಕ್ಕೆ ಈಗ ಸುಮಾರು 60 ಲಕ್ಷ ಕೆ.ಜಿ. ಅಷ್ಟೇ. ದೇಶದ ಒಟ್ಟು ಟೀಯಲ್ಲಿ ಅರ್ಧ ಪರ್ಸೆಂಟೂ ಇಲ್ಲ. ಬ್ರಿಟಿಷರು ನೆಟ್ಟ ಚೀನಾ ಗಿಡ, ಹಿಮಾಲಯದ ಚಳಿ. ಮೊದಲ ಕೊಯ್ಲಿನ ಟೀ ಹೊಂಬಣ್ಣ, ಎರಡನೆಯದಕ್ಕೆ ಮಾಗಿದ ದ್ರಾಕ್ಷಿಯ ಘಮ. ಭಾರತದಲ್ಲಿ ಮೊಟ್ಟಮೊದಲು ಜಿಐ ಗುರುತು, ಅಂದರೆ ಇದು ಇದೇ ಊರಿನ ಸರಕು ಅನ್ನುವ ಕಾನೂನಿನ ಗುರುತು, ಪಡೆದದ್ದು ಇದೇ.

ಬೆಲೆ? ಸಾಧಾರಣ ಡಾರ್ಜಿಲಿಂಗ್‌ಗೇ ನೂರು ಗ್ರಾಂಗೆ 300, 500 ರೂಪಾಯಿ ಸಲೀಸಾಗಿ ಆಗುತ್ತದೆ. ಮೇಲಕ್ಕೆ ಮಿತಿಯೇ ಇಲ್ಲ. ಲೋಟಕ್ಕೆ ಹತ್ತು ಹನ್ನೆರಡು ರೂಪಾಯಿ. ಆದರೆ ಅದೇ ಎಲೆಯನ್ನು ಇನ್ನೊಂದು ಸಲ ನೆನೆಸಬಹುದು, ಹಾಲಿನ ಖರ್ಚೂ ಇಲ್ಲ. ಹಾಗೆ ನೋಡಿದರೆ ಹೋಟೆಲಿನ ಬೈಟು ಕಾಫಿಗಿಂತ ಜಾಸ್ತಿಯೇನಲ್ಲ.

2017ರಲ್ಲಿ ಪ್ರತ್ಯೇಕ ಗೂರ್ಖಾಲ್ಯಾಂಡ್ ರಾಜ್ಯ ಬೇಕೆನ್ನುವ ಚಳವಳಿಯಿಂದ ತೋಟಗಳು ನೂರು ದಿನಕ್ಕೂ ಹೆಚ್ಚು ಮುಚ್ಚಿದ್ದವು. ಆ ಹೊತ್ತಿಗೆ ಗಡಿಯಾಚೆಯ ನೇಪಾಳದ ಟೀ ಒಳಗೆ ಬಂತು, ಮತ್ತೆ ಹಿಂದಕ್ಕೆ ಹೋಗಲಿಲ್ಲ. ನೇಪಾಳದ ಟೀ ಕೆಟ್ಟದ್ದಲ್ಲ. ಗುಡ್ಡ ಒಂದೇ, ಹವೆ ಒಂದೇ, ಬೆಲೆ ಕಡಿಮೆ. ಅದನ್ನು ಡಾರ್ಜಿಲಿಂಗ್ ಹೆಸರಲ್ಲಿ, ಡಾರ್ಜಿಲಿಂಗ್ ಬೆಲೆಗೆ ಮಾರುವುದು ತಪ್ಪು. ತೋಟದ ಹೆಸರು, ಕೊಯ್ಲಿನ ವರ್ಷ, ಟೀ ಬೋರ್ಡ್‌ನ ಡಾರ್ಜಿಲಿಂಗ್ ಲಾಂಛನ ಮೂರೂ ಇಲ್ಲದ ಡಬ್ಬಿಯನ್ನು ನಾನು ಮುಟ್ಟುವುದಿಲ್ಲ. ನೇಪಾಳದ್ದು ಅಂತ ನೇರವಾಗಿ ಬರೆದು ಮಾರುವವರಿಂದ ಕೊಳ್ಳುವುದು ಇನ್ನೂ ಜಾಣತನ.

ಸಿಲೋನ್ ಮತ್ತು ಕೀನ್ಯಾ

ಇವೆರಡೂ ನಮ್ಮೂರ ಕಿರಾಣಿ ಅಂಗಡಿಯಲ್ಲಿ ಕಾಣುವುದು ಕಡಿಮೆ. ಹೊರಗಿನ ಟೀಗೆ ಭಾರತ ಸಾಮಾನ್ಯವಾಗಿ ನೂರು ಪರ್ಸೆಂಟ್ ಸುಂಕ ಹಾಕುತ್ತದೆ. ಆದರೆ ದುಬೈ, ಮಸ್ಕತ್, ಲಂಡನ್‌ನಲ್ಲಿರುವ ನಮ್ಮವರ ಎದುರಿಗೆ ದಿನಾ ಬರುವುದು ಇವೇ. ಅವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಿಲೋನ್ ಅಂದರೆ ಶ್ರೀಲಂಕಾದ ಹಳೆಯ ಹೆಸರು. ಅಲ್ಲಿ ಮೊದಲು ಕಾಫಿ ತೋಟಗಳಿದ್ದವು. 1869ರಿಂದ ಎಲೆಗೆ ತುಕ್ಕು ರೋಗ ಬಂದು ಕಾಫಿ ನಾಶವಾಯಿತು. ಆ ಜಾಗಕ್ಕೆ ಟೀ ಬಂತು. ಈಗಲೂ ಅಲ್ಲಿ ಬಹುಪಾಲು ಆರ್ಥೊಡಾಕ್ಸ್ ವಿಧಾನವೇ. ನುವಾರ ಎಲಿಯದಂಥ ಎತ್ತರದ ಊರಿನ ಟೀ ತಿಳಿ, ಘಮ ಜಾಸ್ತಿ. ತಗ್ಗಿನ ತೋಟದ್ದು ಕಪ್ಪು, ಗಟ್ಟಿ. ಇರಾಕ್, ರಷ್ಯಾ, ಟರ್ಕಿಯವರು ಸಕ್ಕರೆ ಹಾಕಿ, ಹಾಲಿಲ್ಲದೆ ಕುಡಿಯುವುದು ಇದನ್ನೇ. ಹಾಲಿಲ್ಲದ ಟೀಗೆ ಡಾರ್ಜಿಲಿಂಗ್ ಕೈಗೆಟುಕದವರಿಗೆ ಸಿಲೋನ್ ಒಳ್ಳೆ ಆಯ್ಕೆ. ಡಬ್ಬಿ ಮೇಲೆ ಕತ್ತಿ ಹಿಡಿದ ಸಿಂಹ ಇದೆಯಾ ನೋಡಿ. ಪೂರ್ತಿ ಶ್ರೀಲಂಕಾದ್ದೇ, ಅಲ್ಲೇ ತುಂಬಿದ್ದು ಅನ್ನುವುದಕ್ಕೆ ಆ ಗುರುತು. 2021ರಲ್ಲಿ ಅಲ್ಲಿನ ಸರಕಾರ ಇದ್ದಕ್ಕಿದ್ದಂತೆ ರಾಸಾಯನಿಕ ಗೊಬ್ಬರ ನಿಲ್ಲಿಸಿತು. ಮರುವರ್ಷ ಬೆಳೆ ಕುಸಿಯಿತು. ಇರಾಕಿನಂಥ ಕಡೆ ಆ ಜಾಗಕ್ಕೆ ಭಾರತದ ಆರ್ಥೊಡಾಕ್ಸ್ ನುಗ್ಗಿತು. ಒಂದು ದೇಶದ ಗೊಬ್ಬರದ ತೀರ್ಮಾನ ಇನ್ನೊಂದು ದೇಶದವರ ಲೋಟ ಬದಲಿಸಿತು ನೋಡಿ.

ಕೀನ್ಯಾದ ಕಥೆ ನಮ್ಮದಕ್ಕೆ ಪೂರ್ತಿ ಉಲ್ಟಾ. ನಾವು ಬೆಳೆದು ನಾವೇ ಕುಡಿಯುತ್ತೇವೆ. ಅವರು ಬೆಳೆದದ್ದರಲ್ಲಿ ಬಹುಪಾಲು ಮಾರುತ್ತಾರೆ. 2024ರಲ್ಲಿ ಭಾರತದಿಂದ ಸುಮಾರು 25 ಕೋಟಿ ಕೆ.ಜಿ. ಹೊರಗೆ ಹೋದರೆ, ಕೀನ್ಯಾದಿಂದ ಹೋದದ್ದು 50 ಕೋಟಿಗೂ ಜಾಸ್ತಿ. ಮೊಂಬಾಸಾದಲ್ಲಿ ಹರಾಜು. ಎಲ್ಲಕ್ಕಿಂತ ದೊಡ್ಡ ಗಿರಾಕಿ ಪಾಕಿಸ್ತಾನ. ಸಮಭಾಜಕದ ಮೇಲಿನ ದೇಶವಾದ್ದರಿಂದ ಚಳಿಗಾಲದ ರಜೆ ಇಲ್ಲ, ವರ್ಷವಿಡೀ ಕೊಯ್ಲು. ಬೆಳೆಯುವವರಲ್ಲಿ ಹೆಚ್ಚಿನವರು ಸಣ್ಣ ರೈತರು, ಟೀ ಹೆಚ್ಚಾಗಿ ಸಿಟಿಸಿ. ತಾಮ್ರದಂತೆ ಹೊಳೆಯುವ ಕೆಂಪು ಬಣ್ಣ, ಚುರುಕು ರುಚಿ, ಹಾಲಿಗೆ ಚೆನ್ನಾಗಿ ಹೊಂದುತ್ತದೆ. ಅಸ್ಸಾಂನ ದಪ್ಪ ಮಾತ್ರ ಇರುವುದಿಲ್ಲ. ಬ್ರಿಟನ್ನಿನ ಸೂಪರ್ ಮಾರ್ಕೆಟ್‌ನ ಸಾದಾ ಟೀಗಳಲ್ಲಿ ಇವೆರಡನ್ನೂ ಬೆರೆಸುವುದು ಮಾಮೂಲು. ಲಂಡನ್‌ನಲ್ಲಿರುವ ನನ್ನ ನಾದಿನಿ ಅಂಥದ್ದೇ ಟೀ ಬ್ಯಾಗ್ ಹರಿದು, ಪುಡಿ ಪಾತ್ರೆಗೆ ಸುರಿದು ಹಾಲಿನ ಜೊತೆ ಕುದಿಸುತ್ತಾಳೆ. ನಗಬೇಡಿ, ರುಚಿಯಾಗೇ ಇರುತ್ತದೆ.

ಗ್ರೀನ್ ಟೀ, ಟೀ ಬ್ಯಾಗ್

ಗ್ರೀನ್ ಟೀ ಬೇರೆ ಗಿಡ ಅಲ್ಲ. ಅದೇ ಎಲೆ, ಕಪ್ಪಾಗಲು ಬಿಡದೆ ಹಬೆಯಲ್ಲೋ ಬಾಣಲೆಯಲ್ಲೋ ಬಿಸಿ ಮಾಡಿ ಒಣಗಿಸಿದ್ದು. ಜಗತ್ತಿನಲ್ಲಿ ಎಲ್ಲರಿಗಿಂತ ಜಾಸ್ತಿ ಟೀ ಬೆಳೆಯುವ ಚೀನಾದಲ್ಲಿ ಹೆಚ್ಚಿನ ಪಾಲು ಇದೇ. ಕಹಿ ಅಂತ ಬಿಟ್ಟವರು ಕುದಿಯುವ ನೀರು ಸುರಿದಿರುತ್ತಾರೆ. ಉರಿ ಆರಿಸಿ ನಾಲ್ಕೈದು ನಿಮಿಷ ಬಿಟ್ಟು ಹಾಕಿ, ಎರಡು ನಿಮಿಷಕ್ಕೆ ಸೋಸಿ. ರುಚಿಗೆ ಕುಡಿಯಿರಿ. ಹೊಟ್ಟೆ ಕರಗುತ್ತದೆ ಅಂತ ಮೂಗು ಹಿಡಿದು ಕುಡಿಯುವುದಾದರೆ ಆ ದುಡ್ಡಿಗೆ ಹಣ್ಣು ತನ್ನಿ.

ಟೀ ಬ್ಯಾಗ್ ಒಂದಕ್ಕೆ ಎರಡು ರೂಪಾಯಿ ಅಂದರೆ ಕಡಿಮೆ ಅನಿಸುತ್ತದೆ. ಒಳಗಿರುವುದು ಎರಡು ಗ್ರಾಂ. ಕೆ.ಜಿ.ಗೆ ಸಾವಿರ ರೂಪಾಯಿ ಆಯಿತು, ಅದೂ ಸಣ್ಣ ಚೂರಿಗೆ. ಆಫೀಸು, ಹಾಸ್ಟೆಲ್, ರೈಲು ಪ್ರಯಾಣಕ್ಕೆ ಸರಿ. ಮನೆಗೆ ಬೇಡ.

ಹಾಗಾದರೆ ಯಾರಿಗೆ ಯಾವುದು

ಬೆಳಿಗ್ಗೆ ಎದ್ದ ಕೂಡಲೇ ಹಾಲು, ಶುಂಠಿ ಹಾಕಿ ಖಡಕ್ ಆಗಿ ಬೇಕು ಅನ್ನುವವರು ಅಸ್ಸಾಂ ಸಿಟಿಸಿ ತನ್ನಿ, ದಪ್ಪ ಕಾಳಿನದ್ದು. ಕೆ.ಜಿ.ಗೆ ನೂರು ಇನ್ನೂರು ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. ದಿನಕ್ಕೆ ಮೂವತ್ತು ನಲವತ್ತು ಲೋಟ ಆಗುವ ಕಡೆ, ಸಣ್ಣ ಕ್ಯಾಂಟೀನೋ ತುಂಬಿದ ಮನೆಯೋ ಇದ್ದರೆ, ಡಸ್ಟ್ ಬಿಟ್ಟು ಬೇರೆ ಯೋಚನೆ ಬೇಡ. ಬಟ್ಟೆ ಸೋಸಣಿಗೆ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯಿಂದಲೋ ಹಾಲು ಒಗ್ಗದೆಯೋ ಬ್ಲ್ಯಾಕ್ ಟೀಗೆ ತಿರುಗುವವರು ಡಾರ್ಜಿಲಿಂಗ್‌ಗೆ ಹಾರಬೇಡಿ. ಮೊದಲು ನೀಲಗಿರಿ ಎಲೆ ತಂದು ನೋಡಿ. ರುಚಿ ಹತ್ತಿದರೆ ಆಮೇಲೆ ನೂರು ಗ್ರಾಂ ಡಾರ್ಜಿಲಿಂಗ್.

ಒಂದರಲ್ಲೇ ಎಲ್ಲ ಬೇಕಾ? ನಮ್ಮ ಮನೆಯಲ್ಲಿ ಎರಡು ಪಾಲು ಅಸ್ಸಾಂ, ಒಂದು ಪಾಲು ನೀಲಗಿರಿ ಬೆರೆಸುತ್ತೇವೆ. ಮೊದಲನೆಯದು ಬಣ್ಣಕ್ಕೆ, ಎರಡನೆಯದು ಘಮಕ್ಕೆ. ಕಾಳಿನ ಗಾತ್ರ ಹತ್ತಿರ ಹತ್ತಿರ ಇರಲಿ. ಇಲ್ಲದಿದ್ದರೆ ಸಣ್ಣದು ತಳ ಸೇರಿ, ಡಬ್ಬಿಯ ಕೊನೆಯ ವಾರದ ಟೀ ಬೇರೆಯದೇ ಆಗುತ್ತದೆ.

ಬಿಡಿ ಪುಡಿ ಕೊಳ್ಳುವವರು ಬಣ್ಣ ಬೆರೆಸಿದ್ದಾರಾ ಅಂತ ಒಮ್ಮೆ ನೋಡಿಕೊಳ್ಳಿ. ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಚಿಟಿಕೆ ಪುಡಿ ಉದುರಿಸಿ, ಸ್ವಲ್ಪ ಹೊತ್ತು ಬಿಟ್ಟು ನಲ್ಲಿ ಕೆಳಗೆ ತೊಳೆದು ಬೆಳಕಿಗೆ ಹಿಡಿಯಿರಿ. ಶುದ್ಧ ಪುಡಿ ಕಲೆ ಬಿಡುವುದಿಲ್ಲ, ಬಿಟ್ಟರೂ ತೀರಾ ತೆಳು. ಕಡುಕಂದು ಚುಕ್ಕೆ ಉಳಿದರೆ ಆ ಅಂಗಡಿ ಬಿಡಿ. ಪ್ಯಾಕೆಟ್ ಆದರೆ ತುಂಬಿದ ತಾರೀಕು ನೋಡಿ. ಆರು ತಿಂಗಳ ಒಳಗಿನದ್ದು ಸಿಕ್ಕರೆ ಒಳ್ಳೆಯದು. ಮನೆಗೆ ತಂದ ಮೇಲೆ ಇಂಗು, ಸಾಂಬಾರ್ ಪುಡಿ ಡಬ್ಬಿಗಳ ಪಕ್ಕ ಇಡಬೇಡಿ. ಟೀ ಪುಡಿ ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ. ಮತ್ತೊಂದು, ಊಟದ ಬೆನ್ನಿಗೇ ಟೀ ಬೇಡ. ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತಲು ಅದು ಬಿಡುವುದಿಲ್ಲ. ಊಟಕ್ಕೆ ಮುಂಚೆ, ಆಮೇಲೆ ಒಂದೊಂದು ಗಂಟೆ ಬಿಡಿ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2024ರ ಆಹಾರ ಸೂಚಿ ಹೇಳುತ್ತದೆ.

ಇನ್ನೂ ಗೊಂದಲ ಇದ್ದರೆ ಒಂದು ಕೆಲಸ ಮಾಡಿ. ಎರಡು ಬಗೆ ನೂರು ನೂರು ಗ್ರಾಂ ತನ್ನಿ. ಒಂದೇ ಅಳತೆ ಪುಡಿ, ಒಂದೇ ಅಳತೆ ಹಾಲು, ಒಂದೇ ಹೊತ್ತು ಕುದಿಸಿ ಎರಡು ಲೋಟ ಪಕ್ಕಪಕ್ಕ ಇಡಿ. ಸಕ್ಕರೆ ಹಾಕುವ ಮೊದಲು ಒಂದೊಂದು ಗುಟುಕು. ಯಾವುದು ಯಾವುದರದ್ದು ಅಂತ ಹೇಳದೆ ಮನೆಯವರಿಗೂ ಕೊಡಿ. ನಮ್ಮ ಮನೆಯಲ್ಲಿ ಅತ್ತೆಗೆ ಹೀಗೇ ಕೊಟ್ಟಾಗ ಎರಡನ್ನೂ ಮುಗಿಸಿ, ಅಸ್ಸಾಂ ಲೋಟ ತೋರಿಸಿ, "ಇದು ಚಹಾ. ಅದು ನಿಮ್ಮ ಮೈಸೂರವರ ಟೀ" ಅಂದರು.